ಬಾಲದ ಕಡೆ

ದುರ್ಗಿಗುಡಿಯ ಕಣ್ಣಾಸ್ಪತ್ರೆ, ಕತ್ತಲ ಕೋಣೆ.
ಯಂತ್ರದ ಪಟ್ಟಿಗೆ ಗಲ್ಲ ಊರಿ ಕೂತಿದ್ದೇನೆ.
"ಆ ಸಾಲು ಓದಿ, ಅಜ್ಜ" ಅನ್ನುತ್ತಾಳೆ ಹುಡುಗಿ.
"ರ" ಅಂದೆ.
"ಅದು ಠ. ಒಳಗೊಂದು ಚುಕ್ಕಿ ಇದೆ, ನೋಡಿ."

ಇರಬಹುದು ತಾಯಿ.
ಹದಿನೆಂಟು ಸಾವಿರ ಅಡಿಯ ಹಿಮದ ಮೇಲೆ
ಯಾರೋ ಸಿಪಾಯಿ ಹಾಸಿದ ಕೆಂಪು ಬಟ್ಟೆಯ ತುಂಡನ್ನು
ಉಳಿದವರಿಗಿಂತ ಮೊದಲೇ ಕಂಡು
ಅಗೋ ಅಂದವನು ನಾನು.
ಅದನ್ನೆಲ್ಲ ಅವಳಿಗೆ ಹೇಳಲಿಲ್ಲ.

"ವಯಸ್ಸು?"
"ಎಪ್ಪತ್ತಾರು" ಅಂದೆ, ನಗು ಬಂತು.
ಅವಳಿಗೇನು ಗೊತ್ತು.

ಹಾಲೇಶಪ್ಪ ಅನ್ನಲು ಭರೂಚಾನ ನಾಲಿಗೆಗೆ ಸೋಮಾರಿತನ.
ಹ್ಯಾಲಿ ಅಂದ. ಸ್ಕ್ವಾಡ್ರನ್ನೇ ಹ್ಯಾಲಿ ಅಂದಿತು.
"ಈ ಭದ್ರಾವತಿಯವನು ಆ ಧೂಮಕೇತುವಿನ ಹಾಗೆ,
ಎಪ್ಪತ್ತಾರು ವರ್ಷಕ್ಕೊಮ್ಮೆ ರಜೆ ಕೇಳುತ್ತಾನೆ."

ಎಂಬತ್ತಾರರಲ್ಲಿ ಅದು ನಿಜವಾಗಿಯೂ ಬಂತು, ನನ್ನ ಹೆಸರಿನದು.
ಬೆಳಕು ಬಿಡುವ ಮುನ್ನವೇ ನಾವು ಎದ್ದಿದ್ದೆವು:
ಹೊಟ್ಟೆ ತುಂಬ ಸೀಮೆಎಣ್ಣೆ, ಬೇಳೆ, ಟಪಾಲಿನ ಒಂದು ಚೀಲ,
ಮೂಗಿನ ಮೇಲೆ ರಬ್ಬರ್ ವಾಸನೆಯ ಆಮ್ಲಜನಕ.
ಕುರುವಿಳಾ ನಕ್ಷೆಯಿಂದ ತಲೆಯೆತ್ತಿ ಲೆಕ್ಕ ಹೇಳಿದ:
"ಆಗ್ನೇಯಕ್ಕಿದೆ. ನಾವು ವಾಯವ್ಯಕ್ಕೆ ಹೊರಟಿದ್ದೇವೆ.
ನಿನ್ನ ನೆಂಟ ಸರಿಯಾಗಿ ನಮ್ಮ ಬಾಲದ ಕಡೆ."

ಹಿಂದೆ ನೋಡಲು ಪೈಲಟ್ಟಿಗೆ ಕಿಟಕಿ ಕೊಟ್ಟಿಲ್ಲ.

ಹಿಂಬಾಗಿಲು ತೆರೆಯಿತು. ಥಂಡಿ ನುಗ್ಗಿತು.
ತಿರುಗಲು ಹಾಗಿಲ್ಲ; ಎಡಕ್ಕೆ ಬಂಡೆ, ಬಲಕ್ಕೆ ಬಂಡೆ.
ಆಗ ಕಿವಿಯಲ್ಲಿ ಖೀಮ್ ಸಿಂಗನ ದನಿ,
ಸೊಂಟಕ್ಕೆ ಪಟ್ಟಿ ಕಟ್ಟಿ ಬಾಗಿಲ ಅಂಚಲ್ಲಿ ನಿಂತವನು:
"ಕಾಣುತ್ತಿದೆ, ಸಾಬ್."
"ಹೇಗಿದೆ?" ಮೂವರೂ ಒಟ್ಟಿಗೇ ಕೇಳಿದೆವು.
ಸ್ವಲ್ಪ ಹೊತ್ತು ಗರಗರ ಸದ್ದು.
"ತಂಬಾಕು ತಿಕ್ಕಿದವನು
ಸುಣ್ಣದ ಬೆರಳನ್ನು ಗೋಡೆಗೆ ಒರೆಸಿದ ಹಾಗೆ."

ಅಷ್ಟೇ. ಆಮೇಲೆ ಹಸಿರು ದೀಪ,
ಆಮೇಲೆ ಬೇಳೆ, ಸೀಮೆಎಣ್ಣೆ, ಟಪಾಲು,
ಒಂದೊಂದಾಗಿ ಅರಳಿದ ಕೊಡೆಗಳು.
ಇಳಿದ ಮೇಲೆ ಭರೂಚಾ ವಾರವಿಡೀ ಗೊಣಗಿದ:
"ಸುಣ್ಣವಂತೆ! ಒಬ್ಬ ಕವಿಯನ್ನಾದರೂ ಹಿಂದೆ ನಿಲ್ಲಿಸಬೇಕಿತ್ತು."

ಮೂರು ವರ್ಷದ ನಂತರ ನಾನು ರಜೆ ಕೇಳಿದೆ.
ತಂಗಿಯ ಮದುವೆ.
ಕುರುವಿಳಾ ಅಷ್ಟರಲ್ಲಿ ಆಗ್ರಾಕ್ಕೆ ವರ್ಗವಾಗಿದ್ದ.
ಊಟದ ಸಾಲಿನಲ್ಲಿ ಕೋಸಂಬರಿ ಬಡಿಸುತ್ತಿದ್ದೆ,
ಅಣ್ಣ ಬಂದು ಕೈಗೆ ತಂತಿ ಕೊಟ್ಟ.
ಓದಿ ಜೇಬಿಗಿಟ್ಟು,
ಆ ಸಾಲು ಮುಗಿಸಿದೆ.
ಆಚೆಯ ಸಾಲನ್ನೂ ಮುಗಿಸಿದೆ.
ಭರೂಚಾನ ಪಕ್ಕದ ನನ್ನ ಕುರ್ಚಿಯಲ್ಲಿ ಅವತ್ತು ಕೂತಿದ್ದ ಹುಡುಗನ
ಹೆಸರು ಸಹ ನನಗೆ ಸರಿಯಾಗಿ ಗೊತ್ತಿರಲಿಲ್ಲ.
ಈಗ ಗೊತ್ತು. ದಿನಾ ಹೇಳಿಕೊಳ್ಳುತ್ತೇನೆ, ಇಲ್ಲಿ ಬರೆಯುವುದಿಲ್ಲ.

"ಎಡಗಣ್ಣಿನ ಪೊರೆ ಬಲಿತಿದೆ, ಅಜ್ಜ. ಗುರುವಾರ ತೆಗೆಯೋಣ."
ತೆಗೆಯಿರಿ.

ಬರುವಾಗ ತುಂಗೆಯ ಸೇತುವೆ ಮೇಲೆ ದೀಪ ಹತ್ತಿತ್ತು.
ಕಂಬ ಕಂಬಕ್ಕೂ ಒಂದು ಬಿಳಿ ಬಾಲ,
ಒದ್ದೆ ಬೆರಳಲ್ಲಿ ಒರೆಸಿದ್ದು,
ಒಂದೇ ಕಡೆಗೆ.
ಬಲಗಣ್ಣು ಮುಚ್ಚಿದೆ. ಇನ್ನೂ ದೊಡ್ಡದಾಯಿತು.
ಅಯ್ಯೋ ಖೀಮ್ ಸಿಂಗ್,
ನೀನು ಒಂದು ಅಕ್ಷರವೂ ಹೆಚ್ಚು ಹೇಳಿರಲಿಲ್ಲ.

ಪಾಲಾದಲ್ಲಿ ಫೋನು ಬಹಳ ಹೊತ್ತು ಬಡಿದುಕೊಂಡಿತು.
ಕುರುವಿಳಾನಿಗೆ ಈಗ ಕಿವಿ ಮಂದ.
"ಕಂಡಿತು!" ಎಂದು ಕೂಗಿದೆ.
ಸೈಕಲ್ಲಿನವನೊಬ್ಬ ತಿರುಗಿ ನೋಡಿದ.
"ಏನು ಕಂಡಿತು?"
"ಸುಣ್ಣ."

ಆ ಕಡೆ ಯಾರದೋ ಕುಕ್ಕರು ಮೂರು ಸಲ ಕೂಗುವಷ್ಟು ಹೊತ್ತು
ಅವನು ಸುಮ್ಮನಿದ್ದ.
ಆಮೇಲೆ, ನಕ್ಷೆಯಿಂದ ತಲೆಯೆತ್ತಿದ ಅದೇ ಒಣ ದನಿ:
"ಯಾವ ದಿಕ್ಕಿಗೆ?"

ಹೊಳೆ ಎತ್ತ ಹರಿಯುತ್ತದೆಂದು ನೋಡಿ ಲೆಕ್ಕ ಹಾಕುತ್ತ ನಿಂತೆ.
ಭದ್ರಾವತಿಯ ಬಸ್ಸು ಎರಡೆರಡು ಬಾಲ ಹೊತ್ತು
ಹಾರ್ನ್ ಹೊಡೆಯುತ್ತ ಮೈಮೇಲೇ ಬಂದು, ಪಕ್ಕಕ್ಕೆ ಸರಿದು ಹೋಯಿತು.